ಇಂಗ್ಲೆಂಡಿನವರ ವೋಟು, ಅಬುಧಾಬಿಯಲ್ಲಿ ನನ್ನ ಸಹಿ

ಮಂಗಳವಾರ: ಮುರುಗಲ ರಸ ಸೋರಿದ್ದು

ನಾನು ಅಬುಧಾಬಿಗೆ ಹೋದದ್ದು ಒಂದು ಸಹಿ ಹಾಕಲಿಕ್ಕೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಗಿಲು ಮುಟ್ಟುವ ಕಟ್ಟಡ, ಮರಳುಗಾಡಿನ ಸವಾರಿ, ಚಿನ್ನದ ಬಜಾರು ಎಂದೆಲ್ಲ ಓದಲು ಕೂತವರು ಆಮೇಲೆ ನನ್ನನ್ನು ಬೈಯಬಾರದು. ಮುಗಿಲು ಮುಟ್ಟುವ ಕಟ್ಟಡವನ್ನು ನಾನೂ ನೋಡಿದೆ, ಓಡುವ ಕಾರಿನ ಕಿಟಕಿಯಿಂದ. ಕತ್ತು ನೋವು ಬಂದದ್ದೇ ಲಾಭ.

ಕಾರವಾರದಲ್ಲಿ ನಾನು ಜನನ-ಮರಣ ನೋಂದಣಿಯ ಗುಮಾಸ್ತೆ. ಹುಟ್ಟಿದವರನ್ನು ಒಂದು ಪುಸ್ತಕದಲ್ಲಿ, ಸತ್ತವರನ್ನು ಇನ್ನೊಂದರಲ್ಲಿ ಬರೆಯುತ್ತ ಮೂವತ್ತು ವರ್ಷ ಕಳೆದಿದ್ದೇನೆ. ಮದುವೆಯಾಗಲಿಲ್ಲ, ಯಾಕೆ ಅಂತ ಕೇಳುತ್ತಿದ್ದವರೂ ಈಗ ಸುಸ್ತಾಗಿ ಬಿಟ್ಟಿದ್ದಾರೆ. ಅಪ್ಪ ಅಮ್ಮ ಹೋದ ಮೇಲೆ ನನ್ನವರು ಅಂತ ಇರುವುದು ಒಬ್ಬನೇ ಅಣ್ಣ, ಗೋಪಿನಾಥ. ನನಗಿಂತ ಎರಡು ವರ್ಷ ದೊಡ್ಡವನು. ಇಪ್ಪತ್ತೇಳು ವರ್ಷದಿಂದ ಕೊಲ್ಲಿಯಲ್ಲೇ ಇದ್ದಾನೆ. ಮೊದಲು ರುವೈಸ್ ಅನ್ನುವ ಎಣ್ಣೆ ಕಂಪನಿಗಳ ಊರಿನಲ್ಲಿ ಕಂಪನಿ ಕೋಣೆಯ ವಾಸ, ಮದುವೆಯಾದ ಮೇಲೆ ಅಬುಧಾಬಿಯಲ್ಲಿ ಯಂತ್ರದ ಬಿಡಿಭಾಗಗಳ ಒಂದು ಗೋದಾಮಿನ ಸ್ಟೋರ್‌ಕೀಪರ್. ಇಷ್ಟು ವರ್ಷ ಕರೆದರೂ ಹೋಗದಿದ್ದ ನಾನು ಎರಡು ಸಾವಿರದ ಹದಿನಾರರ ಜೂನಿನಲ್ಲಿ, ಊರಲ್ಲಿ ಮಳೆ ಹಿಡಿದು ಕೂತಿದ್ದಾಗ, ಗಳಿಕೆ ರಜೆ ಬರೆದುಕೊಟ್ಟು ಗೋವೆಯಿಂದ ವಿಮಾನ ಹತ್ತಿದೆ.

ದುಬೈಯಲ್ಲಿ ಇಳಿದು ನೋಡುತ್ತೇನೆ, ನನ್ನ ಬ್ಯಾಗಿನ ಮೂಲೆಯಿಂದ ಕೆಂಪು ಸೋರುತ್ತಿದೆ. ಅಣ್ಣನಿಗೆ ಅಂತ ಕಟ್ಟಿಕೊಂಡಿದ್ದ ಮುರುಗಲ ಹಣ್ಣಿನ ರಸದ ಬಾಟಲಿಯ ಮುಚ್ಚಳ ಬಿಟ್ಟಿತ್ತು. ಅಲ್ಲಿದ್ದ ಅಧಿಕಾರಿಣಿ, ಕಪ್ಪು ಅಬಾಯಾ ತೊಟ್ಟ ಚಿಕ್ಕ ಹುಡುಗಿ, ಕೈ ತೋರಿಸಿ ಬದಿಗೆ ಕರೆದಳು. ರಕ್ತ ಅಂದುಕೊಂಡಳೋ ಏನೋ. ನಾನು ಗಾಬರಿಯಲ್ಲಿ "ಜ್ಯೂಸ್, ಜ್ಯೂಸ್" ಅಂದೆ. ಅವಳು ಬ್ಯಾಗು ತೆರೆಸಿ, ನನ್ನ ಹೊಸ ಸೀರೆಯ ತುದಿಯನ್ನು ಎತ್ತಿ ಮೂಗಿಗೆ ಹಿಡಿದು, ಒಂದು ಕ್ಷಣ ಕಣ್ಣು ಮುಚ್ಚಿದಳು. ಆಮೇಲೆ ನಕ್ಕು ಹೋಗಿ ಅಂದಳು. ರಂಜಾನಿನ ಉಪವಾಸದಲ್ಲಿ ಬಾಯಾರಿ ನಿಂತವಳ ಮೂಗಿಗೆ ಹುಳಿರಸ ಹಿಡಿಸಿದೆನಲ್ಲ ಅಂತ ನನಗೆ ಹೊಳೆದದ್ದು ಹೊರಗೆ ಬಂದ ಮೇಲೆ.

ಅಣ್ಣ ಹೊರಗೆ ನಿಂತಿದ್ದ. ಕೂದಲಿಗೆ ಬಣ್ಣ ಹಚ್ಚಿದ್ದಾನೆ, ಕಣ್ಣಿನ ಕೆಳಗಿನ ಚೀಲಕ್ಕೆ ಯಾವ ಬಣ್ಣ ಹಚ್ಚುತ್ತಾನೆ? ನನ್ನ ಬ್ಯಾಗು ನೋಡಿ, "ಎಂತದೇ ಇದು, ಕೊಲೆ ಮಾಡಿ ಬಂದ್ಯಾ?" ಅಂದ.

"ನಿಂಗೋಸ್ಕರವೇ ಹೊತ್ಕೊಂಡು ಬಂದದ್ದು ಮಾರಾಯ. ಇನ್ನು ಸೀರೆ ಹಿಂಡಿ ಕುಡಿ."

ಕಾರು ಅಬುಧಾಬಿಯ ದಾರಿ ಹಿಡಿಯಿತು. ಹೊರಗೆ ಕಣ್ಣು ಬಿಡಲಾಗದ ಬಿಸಿಲು, ಒಳಗೆ ಹಲ್ಲು ಕಡಿಯುವ ಚಳಿ. ಜೂನ್ ತಿಂಗಳಲ್ಲಿ, ಮರುಭೂಮಿಯಲ್ಲಿ, ನಾನು ಸೆರಗು ಹೊದ್ದು ಮುದುಡಿ ಕೂತಿದ್ದೆ. ಅಣ್ಣ ರೇಡಿಯೋ ಹಾಕಿದ. ಅದರಲ್ಲೂ ಇಂಗ್ಲೆಂಡಿನದೇ ಸುದ್ದಿ.

"ಗುರುವಾರ ವೋಟು," ಅಂದ. "ಯುರೋಪಿನ ಒಕ್ಕೂಟ ಬಿಟ್ರು ಅಂದ್ರೆ ನಮ್ಮದೂ ಖಲಾಸ್."

ಬುಧವಾರ: ಹಮ್ದಾನ್ ಸ್ಟ್ರೀಟಿನ ಮನೆ

ಅಣ್ಣನ ಮನೆ ಹಮ್ದಾನ್ ಸ್ಟ್ರೀಟಿನ ಹಳೆಯ ಕಟ್ಟಡವೊಂದರ ಒಂಬತ್ತನೇ ಮಹಡಿಯಲ್ಲಿ. ಎರಡು ಕೋಣೆ, ಒಂದು ಹಾಲು, ಕಿಟಕಿಗೆ ಎದುರಾಗಿ ಇನ್ನೊಂದು ಕಟ್ಟಡದ ಕಿಟಕಿ. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಿದರೆ ದಂಡ ಹಾಕುತ್ತಾರಂತೆ. ಅಷ್ಟು ಬಿಸಿಲು ಇಟ್ಟುಕೊಂಡು ಬಟ್ಟೆಯನ್ನು ಒಳಗೆ, ಮಂಚದ ಪಕ್ಕ, ಫ್ಯಾನಿನ ಕೆಳಗೆ ಒಣಗಿಸುತ್ತಾರೆ! ನಮ್ಮ ಕಾರವಾರದಲ್ಲಿ ಜೂನಿನ ತಿಂಗಳಿಡೀ ಒಂದು ಚೂರು ಬಿಸಿಲಿಗೆ ಕಾದು ಕೂರುವ ನನಗೆ ಹೊಟ್ಟೆ ಉರಿಯಿತು. ಇನ್ನೊಂದು ವಿಚಿತ್ರ, ಕೆಳಗಿನ ಗ್ರೋಸರಿಗೆ ಫೋನ್ ಮಾಡಿದರೆ ಒಂದೇ ಒಂದು ಲಿಂಬೆಹಣ್ಣಾದರೂ ಒಂಬತ್ತು ಮಹಡಿ ಹತ್ತಿ ಬರುತ್ತದೆ. ತರುವವನು ಮಲಬಾರಿನವನು, "ಚೇಚಿ, ಬೇರೆ ಏನೂ ಬೇಡವಾ?" ಅಂತ ಬೇಜಾರಿಲ್ಲದೆ ಕೇಳುತ್ತಾನೆ.

ಅಣ್ಣನ ಹೆಂಡತಿ, ನಮ್ಮ ವೈನಿ, ಒಂದು ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ಒಬ್ಬಳೇ ಮಗಳು ತನ್ವಿ, ಹದಿನೆಂಟು, ಹನ್ನೆರಡನೇ ತರಗತಿ ಮುಗಿಸಿದ್ದಾಳೆ. ಹುಟ್ಟಿದ್ದು, ಬೆಳೆದದ್ದು ಎಲ್ಲ ಇಲ್ಲೇ. ಆದರೆ ಇಲ್ಲಿಯವಳಲ್ಲ, ಇಲ್ಲಿ ಯಾರೂ ಇಲ್ಲಿಯವರಾಗುವ ಹಾಗಿಲ್ಲ. ಅಪ್ಪನ ಕೆಲಸ ಇರುವ ತನಕ ವೀಸಾ, ಅರವತ್ತು ದಾಟಿದರೆ ಅದನ್ನು ಹೊಸದು ಮಾಡಿಸುವುದೇ ಕಷ್ಟ. ಅಣ್ಣನಿಗೆ ಐವತ್ತಾರು ನಡೆಯುತ್ತಿತ್ತು.

ಈಗ ಸಹಿಯ ವಿಷಯ. ನಮ್ಮ ಕಡೆ ಮೊದಲ ಬಾಣಂತನ ತವರಲ್ಲೇ ಆಗಬೇಕು. ಅಮ್ಮನ ತವರು ಗೋವೆಯ ಕಾಣಕೋಣ. ಕಾರವಾರದಿಂದ ಗಡಿ ದಾಟಿದರೆ ಆಯಿತು, ಆದರೆ ಆಗ ಅದು ಪೋರ್ತುಗೀಜರ ಆಳ್ವಿಕೆ, ಗಡಿಯಲ್ಲಿ ಬಂದೂಕು ಹಿಡಿದ ಕಾವಲು. ಅಪ್ಪ ಬೇಡ ಬೇಡ ಅಂದರೂ ಅಜ್ಜ ಯಾರ್‍ಯಾರದೋ ಕಾಲು ಹಿಡಿದು ಪರವಾನಗಿ ಮಾಡಿಸಿ, ದಿನ ತುಂಬಿದ ಮಗಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋದನಂತೆ. ಅಣ್ಣ ಅಲ್ಲಿ ನವೆಂಬರಿನಲ್ಲಿ ಹುಟ್ಟಿದ. ಅಜ್ಜ ಅಚ್ಚುಕಟ್ಟಿನ ಮನುಷ್ಯ, ಪೋರ್ತುಗೀಜರ ದಫ್ತರಿನಲ್ಲಿ ಹೆಸರು ಬರೆಸಿದ. ಮರುವರ್ಷ ಗೋವೆ ಬಿಡುಗಡೆಯಾಯಿತು. ಅದರ ಮರುವರ್ಷ ನಾನು ಹುಟ್ಟಿದೆ, ಎರಡನೆಯವಳಾದ್ದರಿಂದ ಕಾರವಾರದ ಸರಕಾರಿ ಆಸ್ಪತ್ರೆಯಲ್ಲಿ.

ಅಪ್ಪ ಕನ್ನಡ ಶಾಲೆಯ ಮಾಸ್ತರು. ಅಣ್ಣನನ್ನು ತನ್ನದೇ ಶಾಲೆಗೆ ಸೇರಿಸುವಾಗ ರಿಜಿಸ್ಟರಿನಲ್ಲಿ ತನ್ನದೇ ಮುದ್ದಾದ ಅಕ್ಷರದಲ್ಲಿ ಬರೆದ: ಹುಟ್ಟಿದ ದಿನ ಜೂನ್ ಒಂದು, ಹುಟ್ಟಿದ ಊರು ಕಾರವಾರ. ಆ ಕಾಲದ ಮಾಸ್ತರರಿಗೆ ಮಕ್ಕಳೆಲ್ಲ ಜೂನ್ ಒಂದಕ್ಕೇ ಹುಟ್ಟುತ್ತಿದ್ದವು, ಶಾಲೆ ಶುರುವಾಗುವ ದಿನ ಅದು. ಇನ್ನು ಹುಟ್ಟಿದ ಊರು ಅಂದರೆ ಅಪ್ಪನ ಊರು, ಇನ್ಯಾವುದು? ಹೆರಿಗೆ ಎಲ್ಲಾದರೇನು! ನನ್ನ ಕಚೇರಿಗೆ ಬರುವ ನೂರು ಜನರಲ್ಲಿ ಹತ್ತು ಮಂದಿಯದಾದರೂ ಇದೇ ಗೋಳು. ಶಾಲೆಯ ದಾಖಲೆಯಿಂದ ಅದೇ ಅಣ್ಣನ ಪಾಸ್‌ಪೋರ್ಟಿಗೂ ಹೋಯಿತು.

ಗೋವೆ ಪೋರ್ತುಗೀಜರದಾಗಿದ್ದಾಗ ಅಲ್ಲಿ ಹುಟ್ಟಿದವರಿಗೆ ಪೋರ್ತುಗಲ್ ಈಗಲೂ ತನ್ನ ಪೌರತ್ವ ಕೊಡುತ್ತದೆ. ಪೋರ್ತುಗಲ್ ಯುರೋಪಿನ ಒಕ್ಕೂಟದಲ್ಲಿದೆ. ಅಲ್ಲಿಯ ಪ್ರಜೆಯಾದವನು ಒಕ್ಕೂಟದ ಯಾವ ದೇಶಕ್ಕೂ ಹೋಗಿ ಇರಬಹುದು, ದುಡಿಯಬಹುದು. ಹಾಗೆ ಗೋವೆಯ ಎಷ್ಟೋ ಜನ ಲಿಸ್ಬನ್ನನ್ನು ಕಣ್ಣಲ್ಲೂ ನೋಡದೆ ಇಂಗ್ಲೆಂಡಿಗೆ ಹೋಗಿ ನೆಲೆಸಿದ್ದಾರೆ. ಅಣ್ಣನ ಕುಟುಂಬದ ಯೋಜನೆಯೂ ಅದೇ. ಲಿಸ್ಬನ್ನಿನ ಏಜೆಂಟು ಎಲ್ಲ ಕಾಗದ ಜೋಡಿಸಿದ್ದ. ಒಂದೇ ಕೊರತೆ: ಕಾರವಾರದಲ್ಲಿ ಜೂನ್ ಒಂದಕ್ಕೆ ಹುಟ್ಟಿದ ಗೋಪಿನಾಥನೂ ಕಾಣಕೋಣದಲ್ಲಿ ನವೆಂಬರಿನಲ್ಲಿ ಹುಟ್ಟಿದ ಗೋಪಿನಾಥನೂ ಒಬ್ಬನೇ ಅಂತ ಒಬ್ಬ ರಕ್ತಸಂಬಂಧಿ ಅವನ ಜೊತೆ ಅಧಿಕಾರಿಯ ಎದುರು ನಿಂತು ಪ್ರಮಾಣ ಮಾಡಬೇಕು. ಉಳಿದಿರುವ ರಕ್ತಸಂಬಂಧಿ ನಾನೊಬ್ಬಳೇ. ಅಮ್ಮನ ದಾಖಲೆ ಹುಡುಕಿದರೆ ನನಗೂ ಆ ಪೌರತ್ವ ಮಾಡಿಸಿಕೊಡುತ್ತೇನೆ ಅಂದಿದ್ದನಂತೆ ಆ ಏಜೆಂಟು. ನನಗೆ ಕಾರವಾರದ ಪಿಂಚಣಿ ಬಂದರೆ ಸಾಕಪ್ಪ.

ಇಲ್ಲಿಯ ನಮ್ಮ ಭಾರತದ ಎಂಬಸಿಯಲ್ಲಿ ಭಾನುವಾರಕ್ಕೆ ಹೊತ್ತು ಗೊತ್ತುಮಾಡಿದ್ದರು. ಇಲ್ಲಿ ವಾರದ ರಜೆ ಶುಕ್ರವಾರ-ಶನಿವಾರ, ಭಾನುವಾರ ಕೆಲಸದ ಮೊದಲ ದಿನ.

"ಆ ಪಾಸ್‌ಪೋರ್ಟು ಬಂದ ಮೇಲೆ ನಮ್ಮ ದೇಶದ್ದು ವಾಪಸ್ ಕೊಡ್ಬೇಕಲ್ಲ?" ಅಂತ ಕೇಳಿದೆ.

"ಹೌದು. ಎರಡು ಇಟ್ಕೊಳ್ಳುವ ಹಾಗಿಲ್ಲ." ಅಣ್ಣ ಟಿವಿಯ ಕಡೆ ನೋಡುತ್ತ ಹೇಳಿದ. "ನಿಂಗೆ ಸಹಿ ಹಾಕಲಿಕ್ಕೆ ಮನಸ್ಸಿಲ್ದಿದ್ರೆ ಹೇಳು ಸುಧಾ. ನಂಗೆಂತ ಬೇಜಾರಿಲ್ಲ." ಆಮೇಲೆ ಸುಮ್ಮನೆ ಕೇಳಿದ ಹಾಗೆ, "ನಿನ್ನ ಮೇಲಿನ ಮನೆ ಇನ್ನೂ ಖಾಲಿ ಉಂಟಾ?"

ಉಂಟು. ನಾನಿರುವುದು ಕಾರವಾರದ ಕಾಜುಬಾಗದಲ್ಲಿ, ಬಾಡಿಗೆ ಮನೆಯಲ್ಲಿ. ಮಹಡಿಯ ಮನೆ ಖಾಲಿಯಾಗಿ ಮೂರು ತಿಂಗಳಾಗಿತ್ತು. ನಾನು ಬರುವ ತನಕ ಯಾರಿಗೂ ಕೊಡಬೇಡಿ ಅಂತ ಯಜಮಾನರ ಹತ್ತಿರ ಹೇಳಿಯೇ ವಿಮಾನ ಹತ್ತಿದ್ದೆ. ಯಾಕೆ ಹೇಳಿದೆ ಅಂತ ಯಾರಿಗೂ ತಿಳಿಸಿರಲಿಲ್ಲ.

ಗುರುವಾರ: ದೀಪ

ವೋಟಿನ ದಿನ. ಬೆಳಿಗ್ಗೆ ನಾನು ಕೆಳಗಿಳಿದು ಹಮ್ದಾನ್ ಸ್ಟ್ರೀಟಿನಲ್ಲಿ ನಾಲ್ಕು ಹೆಜ್ಜೆ ನಡೆದೆ. ಎಂಟು ಗಂಟೆಗೇ ಗಾಳಿ ಒಲೆಯ ಮುಂದೆ ನಿಂತ ಹಾಗೆ. ಗಂಟಲು ಒಣಗಿ ಚೀಲದಿಂದ ನೀರಿನ ಬಾಟಲಿ ತೆಗೆದು ಬಾಯಿಗಿಟ್ಟೆನೋ ಇಲ್ಲವೋ, ಪಕ್ಕದಲ್ಲಿ ಹೋಗುತ್ತಿದ್ದ ಒಬ್ಬ ಪಠಾಣ ಮುದುಕ ಗಂಟಲು ಕೆರೆದು, ಬೇರೆ ಕಡೆ ಮುಖ ಮಾಡಿ ನಿಂತ. ಬೈಯಲಿಲ್ಲ, ಏನಿಲ್ಲ. ನಾನು ಕುಡಿದು ಮುಗಿಸಲಿ ಅಂತ ತನ್ನ ಅಗಲ ಬೆನ್ನನ್ನು ರಸ್ತೆಗೆ ಅಡ್ಡ ಹಿಡಿದ. ರಂಜಾನಿನ ಹಗಲು ಹೊರಗೆ ಕುಡಿಯಬಾರದು ಅಂತ ವೈನಿ ಹೇಳಿದ್ದು ಆಗ ನೆನಪಾಯಿತು. ನಾಚಿಕೆಯಲ್ಲಿ ನೀರು ಮೂಗಿಗೆ ಹತ್ತಿತು.

ಮನೆಯಲ್ಲಿ ತನ್ವಿ ಫೋನು ಕೆಳಗಿಡುತ್ತಿರಲಿಲ್ಲ. ಅವಳಿಗೆ ಇಂಗ್ಲೆಂಡಿನಲ್ಲಿ ನರ್ಸಿಂಗ್ ಓದಬೇಕು. ಅಪ್ಪ ಪೋರ್ತುಗಲ್ಲಿನ ಪ್ರಜೆಯಾದರೆ ಮಗಳಿಗೂ ದಾರಿ. ತಾನು ಓದಲು ಹೋಗಬೇಕೆಂದಿದ್ದ ಊರಿನ ಬಸ್ಸಿನ ನಂಬರು ಕೂಡ ಅವಳಿಗೆ ಬಾಯಿಪಾಠ. ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ, ಆದರೆ ಉತ್ತರ ಮಾತ್ರ ಪ್ರೀತಿಯದೇ.

"ಕಾರವಾರಕ್ಕೆ ಬಾರೆ. ಅಲ್ಲೂ ನರ್ಸಿಂಗ್ ಕಾಲೇಜು ಉಂಟು," ಅಂದೆ.

"ಅತ್ತೆ, ಐ ಲವ್ ಕಾರವಾರ್. ಬಟ್ ಅಲ್ಲಿ ನಾನು ಗೆಸ್ಟ್. ಎಲ್ಲರೂ ಕೇಳ್ತಾರೆ, ಯಾವಾಗ ಬಂದೆ, ಯಾವಾಗ ಹೋಗ್ತೀ? ಇಲ್ಲೂ ಅದೇ ಕೇಳ್ತಾರೆ. ಐ ಆ್ಯಮ್ ಟಯರ್ಡ್."

ಹದಿನೆಂಟಕ್ಕೇ ಟಯರ್ಡು! ನಗು ಬಂತು, ಆದರೆ ಅವಳ ಮುಖ ನೋಡಿ ನಗಲಿಲ್ಲ.

ಸಂಜೆ ಅವಳೇ ಅಡುಗೆಮನೆಯ ಫ್ರಿಜ್ಜಿನ ಮೇಲಿನ ದೇವರ ಗೂಡಿಗೆ ದೀಪ ಹಚ್ಚಿದಳು. "ಅತ್ತೆ, ನೀ ದೊಡ್ಡವಳು. ದೇವರು ನಿನ್ನ ಮಾತು ಕೇಳ್ತಾನೆ. ಇಂಗ್ಲೆಂಡ್ ಒಕ್ಕೂಟದಲ್ಲೇ ಇರ್ಲಿ ಅಂತ ಪ್ರೇ ಮಾಡು, ಪ್ಲೀಸ್." ವೈನಿಯೂ ಕ್ಲಿನಿಕ್ಕಿನಿಂದ ಬಂದವಳು ಕೈಕಾಲು ತೊಳೆದು ಬಂದು ನಿಂತಳು. ಅಣ್ಣ ನಮ್ಮ ಹಿಂದೆ ಕೈಮುಗಿದು ನಿಂತ. ಕುಲದೇವರ ಫೋಟೋದ ಎದುರು, ಫ್ರಿಜ್ಜಿನ ಗುಂಯ್ ಶಬ್ದದಲ್ಲಿ, ನಾಲ್ಕು ಜನ ಇಂಗ್ಲೆಂಡಿನ ವೋಟಿಗಾಗಿ ಬೇಡಿಕೊಂಡೆವು.

ನಾನು ಬೇಡಿದ್ದು ಬೇರೆ. ಮುಚ್ಚಿಟ್ಟು ಪ್ರಯೋಜನವಿಲ್ಲ, ಬರೆಯಲು ಕೂತ ಮೇಲೆ ಬರೆಯಬೇಕು. ದೇವರೇ, ಅವರು ಒಕ್ಕೂಟ ಬಿಡಲಿ. ಆ ಬಾಗಿಲು ಮುಚ್ಚಿಹೋಗಲಿ. ನಾನು ಸಹಿ ಹಾಕುವ ಪಾಳಿಯೇ ಬರದಿರಲಿ. ಅಣ್ಣ ಊರಿಗೆ ಬರಲಿ. ಇಷ್ಟು ವರ್ಷ ಒಬ್ಬಳೇ ಉಂಡಿದ್ದೇನೆ, ಸಾಕಾಗಿದೆ. ಇಷ್ಟು ಬೇಡಿ ಕಣ್ಣು ಬಿಟ್ಟೆ. ತನ್ವಿ ನನ್ನ ಕೈ ಹಿಡಿದು "ಥ್ಯಾಂಕ್ಯೂ ಅತ್ತೆ" ಅಂದಳು. ಆ ಹೊತ್ತಿಗೆ ನನ್ನ ಮೇಲೆ ನನಗೇ ಅಸಹ್ಯವಾಯಿತು, ಆದರೂ ಬೇಡಿದ್ದನ್ನು ವಾಪಸ್ ತೆಗೆದುಕೊಳ್ಳಲಿಲ್ಲ.

ಶುಕ್ರವಾರ: ಫಲಿತಾಂಶ

ಬೆಳಿಗ್ಗೆ ಎಂಟರ ಸುಮಾರಿಗೆ ಟಿವಿಯಲ್ಲಿ ಬಂತು. ಬಿಟ್ಟರು.

ತನ್ವಿ ಏನೂ ಮಾತಾಡದೆ ಎದ್ದು ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ವೈನಿ ಚಹಾದ ಪಾತ್ರೆ ಒಲೆಯ ಮೇಲಿಟ್ಟು ಒಲೆ ಹಚ್ಚುವುದನ್ನೇ ಮರೆತಳು. ಟಿವಿಯಲ್ಲಿ ಒಂದು ಕಡೆಯವರು ಕುಣಿಯುತ್ತಿದ್ದರು, ಇನ್ನೊಂದು ಕಡೆಯವರು ಅಳುತ್ತಿದ್ದರು. ಅಲ್ಲಿಯ ಮುದುಕಿಯೊಬ್ಬಳು, ನನಗಿಂತ ಸ್ವಲ್ಪ ದೊಡ್ಡವಳು, ಹೊರಗಿನಿಂದ ಬಂದವರು ಜಾಸ್ತಿಯಾದರು, ಸಾಕಾಗಿಹೋಯಿತು ಅಂತ ಮೈಕಿನಲ್ಲಿ ಹೇಳುತ್ತಿದ್ದಳು. ಕೆಟ್ಟವಳ ಹಾಗೆ ಕಾಣಲಿಲ್ಲ. ಸುಸ್ತಾದವಳ ಹಾಗೆ ಕಂಡಳು. ಇವಳೂ ನಾನೂ ಒಂದೇ ಕಡೆ ವೋಟು ಹಾಕಿದ್ದೇವೆ ಅಂತ ಅನ್ನಿಸಿತು.

ಅಣ್ಣ ರಿಮೋಟು ತೆಗೆದು ಟಿವಿ ಬಂದ್ ಮಾಡಿದ. "ಖಲಾಸ್," ಅಂದ. "ಭಾನುವಾರ ಎಂಬಸಿಗೆ ಹೋಗುದು ಬೇಡ ಇನ್ನು. ನಾಲ್ಕು ವರ್ಷ ದುಡಿದು ಊರಿಗೇ ಬರ್ತೆ."

"ಊರಿಗೆ ಹೋಗಿ ಎಂತ ಮಾಡುದು?" ಅಂದಳು ವೈನಿ.

"ಎಲ್ಲರೂ ಎಂತ ಮಾಡ್ತಾರೋ ಅದು."

ನಾನು ಬೇಡಿದ್ದು ಚಾಚೂ ತಪ್ಪದೆ ಸಿಕ್ಕಿತ್ತು. ಮಧ್ಯಾಹ್ನ ಬಂಗಡೆ ಸಾರು. ತನ್ವಿ ಊಟಕ್ಕೆ ಬರಲಿಲ್ಲ. ಅಣ್ಣ ಎರಡು ಸಲ ಅನ್ನ ಹಾಕಿಸಿಕೊಂಡ, ಮೀನಿನ ತಲೆ ಚೀಪಿದ, ಬೆರಳು ನೆಕ್ಕಿದ. ಆಮೇಲೆ ಸೋಫಾದ ಮೇಲೆ ಕಾಲು ಚಾಚಿ ನಾಲ್ಕು ಗಂಟೆಯ ತನಕ ಗೊರಕೆ ಹೊಡೆದ. ಪಾಪ, ಮನಸ್ಸು ಮುರಿದವರಿಗೆ ಹಸಿವೂ ನಿದ್ದೆಯೂ ಜಾಸ್ತಿಯಂತೆ ಅಂದುಕೊಂಡೆ. ವೈನಿಯೂ ಹಾಗೇ ಅಂದಳು.

ಸಂಜೆ ತನ್ವಿಯ ಬಾಗಿಲು ತಟ್ಟಿದೆ. ಅತ್ತು ಅತ್ತು ಮುಖ ಊದಿಕೊಂಡಿತ್ತು. "ಸಾರಿ ಅತ್ತೆ," ಅಂದಳು. "ನೀ ಅಷ್ಟು ಪ್ರೇ ಮಾಡಿದೆ. ಅದೂ ವೇಸ್ಟಾಯ್ತು."

ನಾನು ಅವಳ ತಲೆ ಸವರುತ್ತ ಕೂತೆ. ಹೋಗು ಅಂದರೆ ಹೋಗಲಿಕ್ಕೆ ಈ ಮಗುವಿಗೆ ಒಂದು ಊರಿಲ್ಲ, ಇದ್ದ ಒಂದು ದಾರಿಯನ್ನು ನಾನು ಮುಚ್ಚು ಅಂತ ಬೇಡಿದೆ. ನನ್ನ ಒಂಟಿತನ ನೀಗಲಿ ಅಂತ.

ಶನಿವಾರ: ನೈಫಿನ ಬ್ಯಾಗಿನ ಅಂಗಡಿ

ನನ್ನ ಬ್ಯಾಗಿಗೆ ಕೆಂಪು ಕಲೆ ಹೋಗಲಿಲ್ಲ, ಜಿಪ್ಪೂ ಕಚ್ಚಿಕೊಂಡಿತ್ತು. ಹೊಸದು ತೆಗೆಸಿಕೊಡು ಅಂತ ವೈನಿ ಅಣ್ಣನನ್ನೂ ನನ್ನನ್ನೂ ದುಬೈಗೆ ಅಟ್ಟಿದಳು. ದುಬೈಯ ನೈಫ್ ಅನ್ನುವ ಹಳೆಯ ಪೇಟೆಯಲ್ಲಿ ಭಟ್ಕಳದ ಮುನೀರ್ ಸಾಹೇಬರ ಬ್ಯಾಗಿನ ಅಂಗಡಿ. ರುವೈಸಿನಲ್ಲಿ ಅವರೂ ಅಣ್ಣನೂ ಒಂದೇ ಕೋಣೆಯಲ್ಲಿ ಮಲಗಿದವರು.

ನೈಫಿನ ಗಲ್ಲಿಗಳಿಗೆ ಹೊಕ್ಕಾಗ ಮೊದಲ ಸಲ ನನಗೆ ಉಸಿರಾಡಿದ ಹಾಗಾಯಿತು. ಅಗಲ ರಸ್ತೆ, ಗಾಜಿನ ಗೋಡೆ ಎಲ್ಲ ಹಿಂದೆ ಬಿದ್ದು, ಸಣ್ಣ ಸಣ್ಣ ಅಂಗಡಿ, ಹೊರಗೆ ತೂಗುಹಾಕಿದ ಬಟ್ಟೆ, ಕೈಗಾಡಿ ತಳ್ಳುತ್ತ "ಯಲ್ಲಾ ಯಲ್ಲಾ" ಅನ್ನುವ ಜನ. ನಮ್ಮ ಭಾನುವಾರದ ಸಂತೆಗೆ ಏರ್ ಕಂಡೀಶನ್ ಹಾಕಿದ ಹಾಗಿತ್ತು. ಮುನೀರ್ ಸಾಹೇಬರು ನೆಲದಿಂದ ಮಾಡಿನ ತನಕ ಪೇರಿಸಿಟ್ಟ ಸೂಟ್‌ಕೇಸುಗಳ ನಡುವೆ ಸ್ಟೂಲಿನ ಮೇಲೆ ಕೂತಿದ್ದರು. ಬಿಳಿ ಗಡ್ಡ, ಉಪವಾಸದ ಒಣ ತುಟಿ. ನನ್ನ ಮುಖ ನೋಡಿದ ಕೂಡಲೇ ಒಳಗಿನಿಂದ ತಣ್ಣನೆಯ ನೀರಿನ ಬಾಟಲಿ ತಂದು ಕೈಗಿಟ್ಟರು.

"ಆ ದೊಡ್ಡ ಬ್ಯಾಗಿನ ಹಿಂದೆ ಹೋಗಿ ಕುಡೀರಿ ಅಕ್ಕ. ಉಪವಾಸ ನಮ್ದು, ನಿಮ್ದಲ್ಲ."

ಅಣ್ಣ ಕಾರು ನಿಲ್ಲಿಸಲು ಜಾಗ ಸಿಗದೆ ಸುತ್ತುತ್ತಿದ್ದ. ನಾನು ಬ್ಯಾಗು ಆರಿಸುವ ನೆಪದಲ್ಲಿ ತನ್ವಿಯ ವಿಷಯ ತೆಗೆದೆ. ಪಾಪದ ಹುಡುಗಿ, ಎಲ್ಲ ಮುಗಿದುಹೋಯಿತು ಅಂತ ಅತ್ತು ಮಲಗಿದ್ದಾಳೆ ಅಂದೆ.

"ಎಂತ ಮುಗೀತು?" ಮುನೀರ್ ಸಾಹೇಬರಿಗೆ ಆಶ್ಚರ್ಯ. "ನಮ್ಮ ತಮ್ಮನ ಮಗ ಇಂಗ್ಲೆಂಡಿನ ಲೆಸ್ಟರಿನಲ್ಲಿದ್ದಾನೆ. ನಿನ್ನೆ ಪೂರಾ ಅವನ ಹತ್ರ ಇದೇ ಮಾತು. ಬಿಡ್ತೇವೆ ಅಂತ ವೋಟು ಹಾಕಿದ್ದು ಅಷ್ಟೇ ಅಕ್ಕ. ಇನ್ನು ಅವರು ಒಕ್ಕೂಟಕ್ಕೆ ಬರೆದು ಕೊಡ್ಬೇಕು, ಅದಾದ್ಮೇಲೆ ಎರಡು ವರ್ಷದ ಮಾತುಕತೆ. ಅಲ್ಲಿ ತನಕ ಬಾಗ್ಲು ತೆಗ್ದೇ ಉಂಟು. ಮೊದ್ಲು ಹೋಗಿ ಕೂತವರನ್ನ ಏಳಿ ಅಂತ ಹೇಳೋದು ಅಷ್ಟು ಸುಲಭ ಅಲ್ಲ. ಗೋಪಿಗೆ ನಿನ್ನೆ ಬೆಳಿಗ್ಗೆಯೇ ಫೋನ್ ಮಾಡಿ ಹೇಳಿದ್ನಲ್ಲ? ಬೇಗ ಬೇಗ ಕಾಗದ ಮುಗಿಸು ಅಂತ?"

ಅಣ್ಣನಿಗೆ ನಿನ್ನೆ ಬೆಳಿಗ್ಗೆಯೇ ಗೊತ್ತಿತ್ತು. ಆದರೂ ಮಗಳು ಚಿಲಕ ಹಾಕಿಕೊಂಡು ಅಳುವಾಗ ಇವನು ಮೀನಿನ ತಲೆ ಚೀಪಿ ಮಲಗಿದ್ದ.

ವಾಪಸು ಬರುವಾಗ ಕಾರಿನಲ್ಲಿ ಕೇಳಿಯೇಬಿಟ್ಟೆ. "ತನ್ವಿಗೆ ಎಂತಕ್ಕೆ ಹೇಳ್ಲಿಲ್ಲ?"

"ಮುನೀರ ಹೇಳುದೆಲ್ಲ ನಂಬ್ಲಿಕ್ಕೆ ಆಗ್ತದಾ? ಅವನು ಬ್ಯಾಗು ಮಾರುವವನು. ಎಲ್ಲರೂ ಎಲ್ಲಿಗಾದ್ರೂ ಹೊರಟ್ರೆ ಅವನಿಗೆ ಲಾಭ."

"ತಮಾಷೆ ಬೇಡ. ದಾರಿ ಇದೆ ಅಂದ್ರೆ ನೋಡ್ಬೇಕಲ್ವಾ?"

"ಸಾಕಾಗಿದೆ ಸುಧಾ. ಐವತ್ತಾರಕ್ಕೆ ಇನ್ನೊಂದು ದೇಶದಲ್ಲಿ ಹೋಗಿ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುದಾ? ಅವರಿಗೇ ಬೇಡವಾದವರ ಮನೆಗೆ ಹೋಗಿ ಕೂತ್ಕೊಳ್ಳುದಾ?"

ನನಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಅರ್ಧ ನನ್ನ ಪಾಪಪ್ರಜ್ಞೆಯೇ ಇತ್ತು, ಆದರೆ ಬೈಗುಳ ಪೂರ್ತಿ ಅವನಿಗೇ ಬಿತ್ತು. "ಸೋತ ಮುಖ ಹಾಕ್ಕೊಂಡು ಕೂರ್ಬೇಡ. ನಿನ್ನ ಕಾಲ ಮುಗೀತು, ನನ್ನದೂ ಮುಗೀತು. ಆ ಹುಡುಗಿಗೆ ಹದಿನೆಂಟು. ಅಪ್ಪ ಅಂತ ಇದ್ದ ಮೇಲೆ ಅಪ್ಪನ ಹಾಗಿರು. ನಾಳೆ ಎಂಬಸಿಗೆ ಹೋಗುದು, ನಾನು ಸಹಿ ಹಾಕುದು. ಮಾಫಿ ಅಂತ ಹೇಳಿದ್ರೆ ನಾನೊಬ್ಬಳೇ ಟ್ಯಾಕ್ಸಿ ಮಾಡ್ಕೊಂಡು ಹೋಗ್ತೆ."

ಇಲ್ಲ ಅನ್ನುವುದಕ್ಕೆ ಇಲ್ಲಿಯವರು ಮಾಫಿ ಅನ್ನುತ್ತಾರೆ. ಐದು ದಿನಕ್ಕೇ ನನ್ನ ಬಾಯಲ್ಲಿ ಅರಬಿ ಬಂದದ್ದಕ್ಕೆ ಅಣ್ಣ ನಗಬೇಕಿತ್ತು. ನಗಲಿಲ್ಲ. ದಾರಿಯುದ್ದಕ್ಕೂ ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು, ಮುಂದಿನ ರಸ್ತೆಯನ್ನೇ ನೋಡುತ್ತಿದ್ದ. ಮನೆ ಮುಟ್ಟಿದ ಮೇಲೆ ನಾನೇ ತನ್ವಿಗೆ ಎಲ್ಲ ಹೇಳಿದೆ. ಅವಳು ಕಿರುಚಿ ನನ್ನ ಕುತ್ತಿಗೆಗೆ ಜೋತುಬಿದ್ದಳು. ವೈನಿ ಒಲೆ 'ಸಿಮ್' ಮಾಡಿ ಬಂದು ದೇವರಿಗೆ ಕೈಮುಗಿದಳು.

ಭಾನುವಾರ: ಸಹಿ

ತನ್ವಿಯೂ ಬಂದಳು. ಒಳಗೆ ನಮ್ಮಿಬ್ಬರನ್ನೇ ಬಿಟ್ಟರು, ಅವಳು ಕಾರಿನಲ್ಲಿ ಎ.ಸಿ. ಹಾಕಿ ಕೂತಳು.

ಒಳಗೆ ನಮ್ಮ ದೇಶವೇ. ಅದೇ ಟೋಕನ್ನು, ಅದೇ ಪ್ಲಾಸ್ಟಿಕ್ ಕುರ್ಚಿ, ಅದೇ "ಜೆರಾಕ್ಸ್ ಎಲ್ಲಿ?" ಕೂಲಿ ಕೆಲಸದ ಹುಡುಗರು ಸವೆದ ಪಾಸ್‌ಪೋರ್ಟುಗಳನ್ನು ಎದೆಗೆ ಹಿಡಿದು ಕೂತಿದ್ದರು. ಕೌಂಟರಿನ ಆಚೆ ಕೂತು ಮೂವತ್ತು ವರ್ಷ ಜನರನ್ನು ಕಾಯಿಸಿದವಳು ನಾನು. ಈಚೆ ಕೂತು ಕಾಯುವುದು ಎಂಥ ಸಂಕಟ ಅಂತ ಆ ದಿನ ಗೊತ್ತಾಯಿತು. ನಮ್ಮ ಕಚೇರಿಗೆ ಬರುವವರಿಗೆ ಒಂದು ಫ್ಯಾನಾದರೂ ಹಾಕಿಸಬೇಕು.

ನಮ್ಮ ನಂಬರು ಬಂತು. ಅಧಿಕಾರಿ ಕನ್ನಡಕದ ಮೇಲಿಂದ ಕಾಗದ ಓದಿ, ನನ್ನ ಪಾಸ್‌ಪೋರ್ಟು ನೋಡಿ, ಹಿಂದಿಯಲ್ಲಿ ಕೇಳಿದರು, ನೀವು ಇವರಿಗಿಂತ ಚಿಕ್ಕವರು. ಇವರು ಹುಟ್ಟಿದ್ದು ಎಲ್ಲಿ ಅಂತ ನಿಮಗೆ ಹೇಗೆ ಗೊತ್ತು?

ಇದೇ ಪ್ರಶ್ನೆ ಕೇಳಿ ನಾನು ಎಷ್ಟು ಜನರನ್ನು ವಾಪಸ್ ಕಳಿಸಿದ್ದೇನೋ. ಅಣ್ಣ ನನ್ನ ಕಡೆ ನೋಡಿದ. ಆ ನೋಟದಲ್ಲಿ ಏನೋ ಒಂದು ಆಸೆ ಇತ್ತು. ನಾನು ಸರಿಯಾಗಿ ಉತ್ತರ ಕೊಡಲಿ ಅನ್ನುವ ಆಸೆ ಅಂದುಕೊಂಡೆ.

"ನಮ್ಮಲ್ಲಿ ಮೊದಲ ಹೆರಿಗೆ ತವರಿನಲ್ಲಿ ಸಾಹೇಬರೇ," ಅಂತ ನನ್ನ ಹರುಕು ಹಿಂದಿಯಲ್ಲಿ ಹೇಳಿದೆ. "ಅಮ್ಮ ಸಾಯುವ ತನಕ ಆ ಕಥೆ ಹೇಳಿದ್ದಾಳೆ. ಗಡಿಯಲ್ಲಿ ಸಿಪಾಯಿ ಗಾಡಿ ನಿಲ್ಲಿಸಿದ್ದು, ಅಮ್ಮ ಹೊಟ್ಟೆ ಹಿಡಿದು ಕೂಗಿದ್ದು, ಅವನು ಹೆದರಿ ಬಿಟ್ಟದ್ದು, ಎಲ್ಲ. ಊರು ಕಾರವಾರ ಅಂತ ಬರೆದವನು ನಮ್ಮಪ್ಪ. ಮಗ ತನ್ನವನು ಅನ್ನುವ ಹಮ್ಮಿನಲ್ಲಿ ಬರೆದದ್ದು, ಸುಳ್ಳು ಹೇಳಬೇಕು ಅಂತಲ್ಲ."

ಅಧಿಕಾರಿ ನಕ್ಕರು. ಅವರ ತಾಯಿಯದೂ ಯಾವುದೋ ಅಂಥ ಕಥೆ ಇತ್ತೋ ಏನೋ. ಸಹಿ ಹಾಕಿ ಅಂದರು. ಹಾಕಿದೆ. ಅಣ್ಣನೂ ಹಾಕಿದ. ಅಧಿಕಾರಿ ಕಾಗದದ ಮೇಲೆ ಮೊಹರು ಒತ್ತಿ, ಅಣ್ಣನ ಕೈಗೆ ಕೊಟ್ಟರು.

ಹೊರಬಾಗಿಲ ಹತ್ತಿರ ಒಂದು ಓಣಿ, ಅದರ ಕೊನೆಗೆ ಗಾಜಿನ ಬಾಗಿಲು, ಆಚೆ ಬಿಸಿಲು. ಓಣಿಯಲ್ಲಿ ನಾನು ನಿಂತೆ. ಮೊಹರು ಬಿದ್ದ ಮೇಲೆ ಹೇಳಿದರೆ ತೊಂದರೆಯಿಲ್ಲ ಅನ್ನಿಸಿತು. ಹೊತ್ತುಕೊಂಡು ವಿಮಾನ ಹತ್ತಲು ಆಗುತ್ತಿರಲಿಲ್ಲ.

"ಅಣ್ಣ, ಒಂದು ಹೇಳ್ಬೇಕು. ಗುರುವಾರ ದೀಪದ ಎದುರು ತನ್ವಿ ಹೇಳಿದ್ದು ನಾನು ಬೇಡ್ಲಿಲ್ಲ. ಅವರು ಒಕ್ಕೂಟ ಬಿಡ್ಲಿ ಅಂತ ಬೇಡಿದೆ. ನೀ ಊರಿಗೆ ಬರ್ಲಿ ಅಂತ. ಮೇಲಿನ ಮನೆ ನಿಂಗೇ ಅಂತ ಹೇಳಿ ಇಡ್ಸಿದ್ದೆ."

ಅಣ್ಣ ಕಾಗದವನ್ನು ಮಡಚುತ್ತಿದ್ದವನು ನಿಲ್ಲಿಸಿದ.

"ನಾನೂ ಅದನ್ನೇ ಬೇಡಿದ್ದೆ, ಸುಧಾ," ಅಂದ.

ಅವನು ಓಣಿಯ ಗೋಡೆಗೆ ಒರಗಿದ.

"ಮಗಳಿಗೆ ಬೇಡ ಅಂತ ಹೇಳ್ಲಿಕ್ಕೆ ನಂಗೆ ಧೈರ್ಯ ಇಲ್ಲ. ಇಂಗ್ಲೆಂಡಿನವರು ಹೇಳ್ಲಿ ಅಂತ ಕಾದೆ. ಅವರು ಹೇಳಿದ್ರು. ಶುಕ್ರವಾರ ಎಷ್ಟು ವರ್ಷದ ಮೇಲೆ ನಿದ್ದೆ ಬಂತು ಗೊತ್ತುಂಟಾ? ಇನ್ನು ಊರಿಗೆ ಹೋಗುದೇ ಅಂತ." ಕಾಗದವನ್ನು ಇನ್ನೊಂದು ಸಲ ಮಡಚಿದ. "ಆಮೇಲೆ ನೀ ಬೈದೆ. ನೀನಾದ್ರೂ ಸಹಿ ಹಾಕುದಿಲ್ಲ ಅಂತ ಹೇಳ್ತೀ ಅಂದ್ಕೊಂಡಿದ್ದೆ. ಕೌಂಟರಿನ ಎದುರು ನಿಂತಾಗ ಕೂಡ."

"ಹರಿದುಬಿಡು," ಅಂದೆ. ಎಲ್ಲಿಂದ ಬಂತೋ ಆ ಮಾತು. "ಅಣ್ಣ, ಕೈಯಲ್ಲೇ ಉಂಟಲ್ಲ. ಹರಿದುಬಿಡು. ಅಧಿಕಾರಿ ಒಪ್ಪಲಿಲ್ಲ ಅಂತ ಹೇಳುವಾ. ನಾನೇ ಹೇಳ್ತೆ ಅವಳಿಗೆ."

ಅವನ ಎರಡೂ ಕೈ ಕಾಗದದ ಮೇಲಿದ್ದವು. ಹರಿಯುತ್ತಾನೆ ಅಂತಲೇ ಅಂದುಕೊಂಡೆ.

ಗಾಜಿನ ಬಾಗಿಲಿನ ಆಚೆ ತನ್ವಿ ಕಾರಿನಿಂದ ಇಳಿದು ಬಂದಿದ್ದಳು. ಒಳಗೆ ಬಿಡುವುದಿಲ್ಲವಲ್ಲ, ಬಿಸಿಲಿನಲ್ಲೇ ನಿಂತು, ಗಾಜಿಗೆ ಎರಡೂ ಅಂಗೈ ಅಡ್ಡ ಹಿಡಿದು ಇಣುಕುತ್ತಿದ್ದಳು. ನಾವು ಕಂಡದ್ದೇ ತಡ, ಹುಬ್ಬು ಎತ್ತಿ, ಆಯ್ತಾ ಅಂತ ಕೇಳಿದಳು.

ಅಣ್ಣ ಕಾಗದ ಬಿಡಿಸಿ, ಮೊಹರಿನ ಬದಿ ಅವಳಿಗೆ ಕಾಣುವ ಹಾಗೆ ಎತ್ತಿ ಹಿಡಿದ. ಆಚೆ ಅವಳು ಕುಣಿದಳು.

"ಅವಳಿಗೆ ಯಾವತ್ತೂ ಹೇಳ್ಬೇಡ," ಅಂದ ಅಣ್ಣ ನನ್ನ ಕಡೆ ತಿರುಗದೆ. ಆಮೇಲೆ ಬಾಗಿಲು ತಳ್ಳಿ, "ಬಿಸಿಲಿಗೆ ಎಂತಕ್ಕೆ ಬಂದೆ ಪುಟ್ಟಾ, ಕಾರಿಗೆ ನಡಿ" ಅಂತ ನಗುತ್ತ ಹೊರಗೆ ಹೋದ.